ತೂಕದಲ್ಲಿ ಸೇರಿದ ಬೆಳ್ಳಿ

ಕಾಶೀಬಾಯಿ ಅಕ್ಕಾ, ನಿಮ್ಮ ಮಗಳು ಮಹಾದೇವಿ ಸೊರಗುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವಳ ತೂಕ ಏರಿದೆ ಎಂದು ನಿಮಗೆ ಹೇಳಿದೆ.

ನಿಜಾಮರ ಆಳಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ನಾಲ್ಕಾರು ವರ್ಷವಾಗಿತ್ತು. ಉಮರ್ಗಾ ಹತ್ತಿರದ ನಮ್ಮೂರಲ್ಲಿ ನಾನು ಕಲಿಸುತ್ತಿದ್ದ ಶಾಲೆಗೆ ಹಾಲಿನ ಪುಡಿ ಬರತೊಡಗಿತ್ತು. ಜೊತೆಗೆ ತಿಂಗಳಿಗೊಮ್ಮೆ ಮಕ್ಕಳ ತೂಕ ಬರೆಯಬೇಕೆಂಬ ಹುಕುಂ. ಕಾಳುಕಡಿ ಮಾರಿಕೊಡುವ ಅಡತಿ ಅಂಗಡಿಯ ತಕ್ಕಡಿಯನ್ನು ಬೇವಿನ ಮರಕ್ಕೆ ಕಟ್ಟಿ ತೂಗುತ್ತಿದ್ದೆ. ತೂಕ ಇಳಿದವರನ್ನು ಡಾಕ್ಟರಿಗೆ ತೋರಿಸಬೇಕು. ನನ್ನ ವರ್ಗದಲ್ಲಿ ಇಳಿದವರು ಒಬ್ಬರೂ ಇರಲಿಲ್ಲ. ಹೆಡ್ ಮಾಸ್ತರರು ಎಲ್ಲರೆದುರು ಹೊಗಳಿದ್ದರು. ಆ ಹೊಗಳಿಕೆಯ ರುಚಿ ನನಗೆ — ಹೇಗೆ ಹೇಳಲಿ — ಹತ್ತಿಬಿಟ್ಟಿತ್ತು.

ನಿಮ್ಮ ಅತ್ತೆ ತೀರಿಕೊಂಡ ತಿಂಗಳು ಅದು. ಅವರ ಲಿಂಗ ಅವರೊಂದಿಗೇ ಮಣ್ಣಿಗೆ ಹೋಗಿತ್ತು. ಲಿಂಗವಿಡುವ ಬೆಳ್ಳಿಯ ದೊಡ್ಡ ಕರಡಿಗೆ ಉಳಿದಿತ್ತು. ಅದುವರೆಗೆ ತನ್ನ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಮಹಾದೇವಿ, ಆ ಸಲ ಅಜ್ಜಿಯ ಕರಡಿಗೆಯಲ್ಲಿಟ್ಟುಕೊಂಡು ತಕ್ಕಡಿ ಹತ್ತಿದಳು. ಕೊರಳಿನ ಲಿಂಗ ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ, ನಿಜ. ಆದರೆ ಅವಳೇ ಕೇಳಿದಳು:

"ಗುರೂಜಿ, ಇದರ ತೂಕಾನೂ ನನ್ನ ಹೆಸರಿಗೇ ಬರೀತೀರೇನ್ರಿ?"

"ದೇವರ ತೂಕ ತಗ್ಯಾಕ ನಾ ಯಾಂವ ತಂಗಿ? ಅಂವಾನೂ ನಿನ್ನ ಕೂಡ ಹಾಲ ಕುಡೀಲಿ ಬಿಡು!"

ಹುಡುಗರೆಲ್ಲ ನಕ್ಕರು. ಹಿರಿಯರ ನಡುವೆ ಕೂತು ಮಾತು ಕಲಿತವ ನಾನು, ಉತ್ತರಕ್ಕೆಂದೂ ತಡವರಿಸಿದವನಲ್ಲ. ಅವಳೂ ನಕ್ಕಳು, ನಕ್ಕು ಕೆಮ್ಮಿದಳು. ಕಾಲು ಸೇರು ಏರಿಕೆ ಎಂದು ಬರೆದೆ. ಕರಡಿಗೆಯೊಂದೇ ಅರ್ಧ ಸೇರು ಇದ್ದೀತು. ಕಳೆದು ನೋಡುವುದು ಗಣಿತ ಕಲಿಸುವವನಿಗೆ ಕಷ್ಟವೇ? ಮನಸ್ಸಿನಲ್ಲಿ ಕಳೆದೂ ಇದ್ದೆ: ಏರಿರಲಿಲ್ಲ, ಕಾಲು ಸೇರು ಇಳಿದಿದ್ದಳು...

ವಾರದೊಳಗೆ ನೀವು ಬಂದಿರಿ.

"ಪೋರಿ ಮೈ ಸಂಜೀಕ ಬೆಚ್ಚಗಾಗ್ತದ್ರಿ, ಉಣ್ಣಂಗಿಲ್ಲ. ಉಮರ್ಗಾಕ್ಕ ಒಯ್ದು ತೋರಸಲೇನ್ರಿ?"

"ಅಕ್ಕಾ, ಸುಮ್ಮ ಯಾಕ ಹೆದರ್ತೀರಿ? ಇಲ್ಲಿ ನೋಡ್ರಿ, ಪಾವ್ ಸೇರ್ ಏರ್ಯಾಳ."

ಓದು ಬಾರದ ನೀವು ನಾನು ಬೆರಳಿಟ್ಟ ಅಂಕಿಯನ್ನೇ ದಿಟ್ಟಿಸಿದಿರಿ. "ಹಂಗಾದ್ರ ಛಲೋ ಆತ್ರಿ" ಎಂದು ಹೊರಟುಹೋದಿರಿ.

ಎರಡು ತಿಂಗಳ ಮೇಲೆ ಒಯ್ದಾಗ, ಮೊದಲೇ ಯಾಕೆ ತರಲಿಲ್ಲ ಎಂದು ಡಾಕ್ಟರು ನಿಮ್ಮನ್ನೇ ಬೈದರು. ನೀವು ನನ್ನ ಹೆಸರೆತ್ತಲಿಲ್ಲ. ಮಹಾದೇವಿ ಉಳಿಯಲಿಲ್ಲ. ಅವಳನ್ನು ಮಣ್ಣು ಮಾಡಿದ ದಿನ ನಾನೂ ಅಲ್ಲೇ ಇದ್ದೆ, ಎಲ್ಲರೊಂದಿಗೆ ಹಿಡಿ ಮಣ್ಣು ಹಾಕಿ ಮನೆಗೆ ಬಂದೆ.

ಮೊನ್ನೆ, ಈ ನಡುವೆ ನಿಂತುಹೋಗಿದ್ದ ಮಕ್ಕಳ ತೂಕವನ್ನು ಶಾಲೆಯಲ್ಲಿ ಮತ್ತೆ ನೋಡಬೇಕೋ ಬೇಡವೋ ಎಂದು ಊರವರ ಸಭೆ ಕರೆದಿದ್ದರು. ಮಕ್ಕಳಿಗೆ ನಾಚಿಕೆ, ದೃಷ್ಟಿ ತಾಗುತ್ತದೆ, ತಾಯಿಯ ಕಣ್ಣಿಗಿಂತ ತಕ್ಕಡಿ ಬೇಕೇ, ಬೇಡ — ಎಂದು ನಾನೇ ನಗಿಸಿ ನಗಿಸಿ ಒಪ್ಪಿಸಿದೆ. ತೂಕದ ಮಾತೆದ್ದರೆ ಅಂದು ನಾನು ನಿಮಗೆ ಹೇಳಿದ ಮಾತೂ ಏಳುತ್ತದೆಂಬ ಭಯ, ಅಷ್ಟೇ. ಆಗ ಹಿಂದೆ ಕೂತಿದ್ದ ನೀವು ಎದ್ದಿರಿ.

"ಗುರೂಜಿ ಅಂದದ್ದು ಖರೇ ಅದ. ತಾಯಿ ಕಣ್ಣಿಗೇ ಕಾಣಬೇಕಿತ್ರಿ. ನಾನೇ ಕುರುಡಿ ಆದೆ."

ನಿಮ್ಮ ಕಣ್ಣಿಗೆ ಕಂಡಿತ್ತು, ಅಕ್ಕಾ. ಮುಚ್ಚಿದವನು ನಾನು.

ನಾಳೆ ಆ ಸಭೆಯವರೆದುರು ಈ ಕಾಗದವನ್ನು ಓದುತ್ತೇನೆ. ತೂಕ ನೋಡಲಿ, ಕಂಡದ್ದನ್ನು ಇದ್ದ ಹಾಗೆ ತಾಯಂದಿರಿಗೆ ಹೇಳಲಿ. ಅದಕ್ಕೂ ಮೊದಲು, ಇವತ್ತೇ, ನಿಮ್ಮ ಮನೆಗೆ ಬಂದು ನಿಮಗೆ ಓದಿ ಹೇಳುತ್ತೇನೆ. ಕೇಳಿದ ಮೇಲೆ ನೀವು ಏನೆಂದರೂ — ನಾನು ಉತ್ತರ ಕೊಡುವುದಿಲ್ಲ.