ಕಣ್ಣಿನಂಗಡಿಯ ಕರೆ, ಕಿವಿಯಂಗಡಿಯ ವಿಳಾಸ

ಕನ್ನಡಕದಂಗಡಿಯ ಅಕ್ಕನಿಗೆ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ. ತಂಗಿಯದು ಪಕ್ಕದಲ್ಲೇ, ಒಂದೇ ಗೋಡೆಯಾಚೆ, ಕಿವಿಯ ಮಷೀನಿನ ಅಂಗಡಿ. ಅವಳಿಗೆ ದೊಡ್ಡ ಗಾಜಿನ ಬಾಗಿಲು, ಇವಳಿಗೆ ಕಿರ್ರೆನ್ನುವ ಷಟರ್. ಅವಳು ನಕ್ಕರೆ ಗಿರಾಕಿ ಕೂತೇಬಿಡುತ್ತಾನೆ, ಇವಳು ನಕ್ಕರೆ "ಏನಾಯ್ತು ಮೇಡಂ?" ಅನ್ನುತ್ತಾನೆ.

ಎರಡೂ ಅಂಗಡಿಗೆ ಮೇಲ್ ಸರ್ವರ್ ಒಂದೇ, ಡೊಮೇನ್, ಅಂದರೆ ಇ-ಮೇಲ್ ವಿಳಾಸದ ಕೊನೆಗೆ ಬರುವ ಅಂಗಡಿಯ ಹೆಸರು, ಮಾತ್ರ ಬೇರೆ ಬೇರೆ. ನೋಡಿಕೊಳ್ಳುವವನು ಇವರ ತಮ್ಮ.

ಒಂದು ಬೆಳಿಗ್ಗೆ ಕಣ್ಣು ತೋರಿಸಲು ಬಂದ ಮೇಷ್ಟ್ರೊಬ್ಬರು ಫೋನ್ ಮುಂದೆ ಹಿಡಿದರು. "ನಿಮ್ಮ ಕ್ಯಾಲೆಂಡರ್ ಆಹ್ವಾನ ಬಂದಿತ್ತಮ್ಮ, 'ಬರ್ತೀನಿ' ಅಂತ ಒತ್ತಿದ್ದೆ. ಆದ್ರೆ ಕಳಿಸಿದೋರು ಕಿವಿ ಅಂಗಡಿಯೋರು ಅಂತಿದೆಯಲ್ಲ?"

ಅಕ್ಕ ನೋಡಿದಳು. ಪರೀಕ್ಷೆ ಕಣ್ಣಿನದು, ಹೊತ್ತು ತಾನೇ ಕೊಟ್ಟದ್ದು, ವಿಳಾಸ ತಂಗಿಯ ಡೊಮೇನಿನದು! 'ಬರ್ತೀನಿ' ಎಂಬ ಒಂದು ಉತ್ತರವೂ ತನಗೆ ಬಾರದ್ದು ಏಕೆಂದು ಈಗ ತಿಳಿಯಿತು. ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರನ್ನು ಅಲ್ಲೇ ಬಿಟ್ಟು ಪಕ್ಕದಂಗಡಿಗೆ ನುಗ್ಗಿದಳು.

"ಅಪ್ಪನ ಮುದ್ದೆಲ್ಲ ನಿನಗೇ ಆಯ್ತು, ಒಳ್ಳೇ ಅಂಗಡಿನೂ ನಿನಗೇ ಆಯ್ತು. ಈಗ ನನ್ನ ಗಿರಾಕಿಗಳೂ ಬೇಕಾ? ನನ್ನ ಹೊಟ್ಟೆ ಮೇಲೆ ಹೊಡೀತೀಯೇನೇ?"

ಹೊಸ ಮಷೀನ್ ಹಾಕಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಬೆಚ್ಚಿಬಿದ್ದು ಅದನ್ನು ಕಿತ್ತು ಕೈಯಲ್ಲಿ ಹಿಡಿದರು. ತಂಗಿ ತಮ್ಮನಿಗೆ ಫೋನ್ ಮಾಡಿದಳು.

ತಮ್ಮ ಬಂದ, ಕಂಪ್ಯೂಟರ್ ಮುಂದೆ ಕೂತ, ತಲೆ ಕೆರೆದುಕೊಂಡ. "ಮಾಮೂಲಿ ಇ-ಮೇಲ್ ಎಲ್ಲ ನಿನ್ನ ಹೆಸರಲ್ಲೇ ಹೋಗ್ತಿದೆ ದೊಡ್ಡಕ್ಕ. ಕ್ಯಾಲೆಂಡರ್ ಆಹ್ವಾನ ಮಾತ್ರ, ಸರ್ವರಿಗೆ ಮೊದಲು ಸೇರಿಸಿದ ಡೊಮೇನಲ್ಲಿ ಹೋಗ್ತಿದೆ. ಅದು ಚಿಕ್ಕಕ್ಕಂದು, ನಿಂದು ಆಮೇಲೆ ಸೇರಿದ್ದು. ಅಂಗಡಿಗೆ ಇಂಥದ್ದೇ ಹೆಸರು ಬೇಕು ಅಂತ ತಿಂಗಳುಗಟ್ಟಲೆ ಎಳೆದಿದ್ದು ನೀನೇ ಅಲ್ವಾ?"

"ಇವಳಿಗೆ ಗೊತ್ತಿರಲಿಲ್ವಂತಾ? ಉತ್ತರ ಎಲ್ಲ ಇವಳಿಗೇ ಬರ್ತಿತ್ತಲ್ಲ!"

"ಗೊತ್ತಿತ್ತು," ಎಂದಳು ತಂಗಿ. "ದಾರಿ ತಪ್ಪಿ ಇಲ್ಲಿಗೆ ಬಂದೋರನ್ನೆಲ್ಲ ನಾನೇ ಕರ್ಕೊಂಡು ಬಂದು ನಿನ್ನ ಹತ್ರ ಬಿಡ್ತಿದ್ದೆ. ಸುಮ್ಮನೆ ಬಂದ್ರೆ ನೀನು ಮುಖ ಕೊಟ್ಟು ಮಾತಾಡಲ್ಲ. ಗಿರಾಕಿ ಜೊತೆ ಬಂದ್ರೆ 'ಕೂತ್ಕೋ' ಅಂತಿದ್ದೆ. ಸರಿಮಾಡಿಸಿದ್ರೆ ಆ ನೆಪವೂ ಹೋಗುತ್ತಲ್ಲಾ ಅಂತ ಬಾಯಿ ಮುಚ್ಕೊಂಡಿದ್ದೆ ಅಕ್ಕ."

'ನೆಪ ಯಾಕೆ ಬೇಕೇ, ಬಾ' ಎಂದು ಅಕ್ಕ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಳಾದ ಹೊಟ್ಟೆಕಿಚ್ಚು ಕೇಳಬೇಕಲ್ಲ! ಪ್ರೀತಿ ಮಾಡುವುದರಲ್ಲೂ ತಂಗಿಯದೇ ಮೇಲುಗೈ ಆಯಿತಲ್ಲ ಎಂಬ ಸಂಕಟ ನಾಲಿಗೆಯನ್ನು ಹಿಡಿದು ಕೂತಿತು.

"ಸರಿಮಾಡಿಬಿಡ್ಲಾ ದೊಡ್ಡಕ್ಕ?" ತಮ್ಮ ಕೇಳಿದ.

ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು.

"ಮಾಡು," ಎಂದಳು ಅಕ್ಕ.