ಗಂಗತ್ತೆಯ ಗಾದಿ

ಹಳೆಯ ಅರಳೆಯ ದೂಳಿಗೆ ಒಂದು ವಾಸನೆ ಇದೆ. ಬಿಸಿಲು, ಬೆವರು, ತಲೆಗೆ ಹಚ್ಚಿದ ಎಣ್ಣೆ ಎಲ್ಲ ಕೂಡಿದ ವಾಸನೆ. ಸೊಲ್ಲಾಪುರದಲ್ಲಿ ಗಾದಿಯ ಅರಳೆ ಪಿಂಜುವ ಅಂಗಡಿಯ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಬಡಿದರೆ ಸಾಕು, ಮಂದ್ರೂಪದ ನಮ್ಮ ಮನೆ ಎದ್ದು ನಿಲ್ಲುತ್ತದೆ. ಆ ಮನೆ ಈಗಿಲ್ಲ, ಅಲ್ಲಿದ್ದವರೂ ಇಲ್ಲ. ಪಡಸಾಲೆಯಲ್ಲಿ ಗಂಗತ್ತೆ, ಅಂದರೆ ಅಪ್ಪನ ತಂಗಿ, ಕಾಲು ಚಾಚಿ ಕೂತು ಹತ್ತಿಯಿಂದ ಕಾಳು ಬಿಡಿಸುತ್ತಿದ್ದಳು. ನಾನು ಅವಳ ತೊಡೆಗೆ ಒರಗಿ ಅದನ್ನೇ ಮಾಡುತ್ತಿದ್ದೆ. ನಮ್ಮ ಹೊಲದ ಹತ್ತಿ, ಅವಳೇ ಎರಡು ಸುಗ್ಗಿ ಆರಿಸಿ ತಂದದ್ದು. ಗಂಡನ ಮನೆಗೆ ಹೋಗುವ ಮಗಳಿಗೆ ತವರಿನ ಹತ್ತಿಯ ಗಾದಿ ಕೊಡುವುದು ನಮ್ಮ ಮನೆಯ ರೂಢಿ. ಅವಳನ್ನು ಅಕ್ಕಲಕೋಟೆಗೆ ಕೊಡುವುದು ನಿಶ್ಚಯವಾಗಿತ್ತು.

ತುಂಬುವುದರಲ್ಲಿ ನಮ್ಮ ಆಯಿಯ, ಅಪ್ಪನ ತಾಯಿಯ, ಕೈ ದೊಡ್ಡದೆಂದು ಊರೆಲ್ಲ ಹೆಸರು. ಹೋಳಿಗೆಗೆ ಹೂರಣ, ಬದನೆಕಾಯಿಗೆ ಶೇಂಗಾ ಮಸಾಲೆ, ಬಂದ ಹೆಣ್ಣುಮಕ್ಕಳಿಗೆ ಉಡಿ, ಯಾವುದರಲ್ಲೂ ಕೊಸರಾಡಿದವಳಲ್ಲ. ಪಿಂಜಾರ ಬಂದು ಅರಳೆ ಪಿಂಜಿ ಹೋದ ಮಧ್ಯಾಹ್ನ, ಗಂಗತ್ತೆ ಹೊಳೆಗೆ ಹೋಗಿದ್ದಾಗ, ಆಯಿ ಒಳಗಿನ ಕೋಣೆಯಲ್ಲಿ ಒಂದು ಚೀಲ ಬಿಚ್ಚಿದಳು. ಅದರಲ್ಲಿ ಸೊಲ್ಲಾಪುರದ ಗಿರಣಿಯ ಚಿಂದಿ, ಕೆಂಪು ಹಸಿರು ನೂಲಿನ ಗಂಟುಗಳು. ಗಾದಿಯೊಳಗೆ ಅದನ್ನೇ ತುಂಬಿದಳು. ಮೇಲೊಂದು ತೆಳ್ಳಗಿನ ಪದರ ಬಿಳಿ ಅರಳೆ. ಹೊಲಿಯುವಾಗ ಅದುಮಿ ಹಿಡಿಯಲು ನನ್ನನ್ನೇ ಮೇಲೆ ಕೂರಿಸಿದಳು. “ಹೋಗಾಕಿ ಹೋಗ್ತಾಳ. ಛಲೋದು ನಮ್ಮನ್ಯಾಗ ಇರ್ಲಿ. ಅತ್ತಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು!” ಅಂದಳು. ಗಂಗತ್ತೆಯ ಅರಳೆ ನನ್ನ ಹಾಸಿಗೆಗೇ ಬಂತು. ಎಷ್ಟು ಮೆತ್ತಗಿತ್ತೆಂದರೆ, ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮದುವೆಯ ದಿನ ಅದೇ ಆಯಿ ಮಗಳ ಉಡಿ ತುಂಬಿ ಗೋಳೋ ಎಂದು ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ. ನನಗೆ ತಿಳಿಯದೇ ಹೋದದ್ದು ಅದೇ.

ಶಾಲೆಯ ಪ್ರತಿ ಸೂಟಿಗೆ ಅಕ್ಕಲಕೋಟೆಗೆ ಹೋದಾಗ ಗಂಗತ್ತೆ ಆ ಗಾದಿಯನ್ನು ನನಗೇ ಹಾಸುತ್ತಿದ್ದಳು. “ಮಲಕ್ಕೊ ಯವ್ವಾ, ನಮ್ಮ ಹೊಲ ಐತಿ ಇದರಾಗ” ಎನ್ನುತ್ತಿದ್ದಳು. ಗಂಟುಗಳು ಬೆನ್ನಿಗೆ ಒತ್ತುತ್ತಿದ್ದವು. ನಾನು ತುಟಿ ಬಿಚ್ಚಲಿಲ್ಲ. ಮೊದಲು ಆಯಿಯ ಹೆದರಿಕೆ, ಆಮೇಲೆ ಗಂಗತ್ತೆಯ ಖುಷಿ ಕೆಡಿಸುವ ಹೆದರಿಕೆ. ತವರಿನ ಹೊಲಿಗೆ ಬಿಚ್ಚಬಾರದೆಂದು ಅವಳು ಅದನ್ನು ಬರೀ ಬಿಸಿಲಿಗೆ ಹಾಕಿ ಕಾಪಾಡಿದಳು.

ಹೋದ ವರ್ಷ ಗಂಗತ್ತೆಯ ಮೊಮ್ಮಗಳ ಮದುವೆ ಬಂತು. ಆ ಗಾದಿಯ ಅರಳೆಯನ್ನು ಹೊಸದಾಗಿ ಪಿಂಜಿಸಿ ಅವಳಿಗೆ ಕೊಡಬೇಕೆಂದು ಗಂಗತ್ತೆ ಹಟ ಹಿಡಿದಳು. ನಾನು ಬೇಡ ಬೇಡವೆಂದರೂ ಕೇಳದೆ ನನ್ನನ್ನೇ ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಹೊಲಿಗೆ ಕತ್ತರಿಸಿ ಕೈ ಹಾಕಿದ. “ಆಜಿ, ಇದ್ರಾಗ ಅರಳಿ ಎಲ್ಲೈತ್ರಿ? ಬರೇ ಗಿರಣಿ ಚಿಂದಿ.”

ಗಂಗತ್ತೆ ಒಂದು ಕೆಂಪು ಗಂಟು ಎತ್ತಿಕೊಂಡು ತಿರುವಿ ತಿರುವಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

“ನಿನಗ ಗೊತ್ತಿತ್ತು” ಅಂದಳು. ಗಂಟನ್ನು ಗಾದಿಯ ಮೇಲಿಟ್ಟು, “ಅವ್ವಂದು ಹೋಗ್ಲಿ. ನೀ ನನ್ನ ಜೋಡಿ ಕೂತು ಕಾಳ ಬಿಡಿಸಿದ್ದಿ.”

ನಾನು ಊರಿಗೆ ಹೊರಟಾಗ ರೂಢಿಯಂತೆ ಅಕ್ಕಿ, ಕಾಯಿ, ಕುಬಸದ ಕಣ ಇಟ್ಟು ಉಡಿ ತುಂಬಿದಳು, ಮುಖ ನೋಡದೆ. ಯಾವಾಗಲೂ ಹೇಳುವಂತೆ “ಮತ್ತ ಬಾ ಯವ್ವಾ” ಎನ್ನಲಿಲ್ಲ. ಆ ಮಳೆಗಾಲದಲ್ಲಿ ತೀರಿಕೊಂಡಳು. ಉಡಿಯ ಅಕ್ಕಿ ಡಬ್ಬಿಯಲ್ಲಿ ಹಾಗೇ ಇದೆ. ಅದನ್ನು ಬೇಯಿಸಿ ಉಣ್ಣಲು ನನಗೆ ಕೈ ಬರುತ್ತಿಲ್ಲ.