ಕೊನೆ ಯಾರು ಎಂದು ಕೇಳುವ ಮಿಗ್ದಾಲಿಯಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲ ಕಡೆಯಿಂದ ಬರುವ ಉಪ್ಪುಗಾಳಿಗೆ ಗೊಲೊಂದ್ರಿನಾ ಚಿತ್ರಮಂದಿರದ ನೆತ್ತಿಗೆ ಕಟ್ಟಿದ ಚಿತ್ರೋತ್ಸವದ ಬ್ಯಾನರ್ ಪಟಪಟ ಬಡಿದುಕೊಳ್ಳುತ್ತಿದೆ. ಕೆಳಗೆ ಮಿಗ್ದಾಲಿಯಾ ಕಿಂದೆಲಾನ್ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಹಿಡಿದು ಗಾಜಿನ ಬಾಗಿಲನ್ನು ಉಜ್ಜುತ್ತಿದ್ದಾರೆ. ಮೆಟ್ಟಿಲ ಮೇಲೆ, ಮರದ ಬುಡದಲ್ಲಿ, ಎದುರು ಮನೆಯ ಜಗಲಿಯ ಮೇಲೆ ಆಗಲೇ ಜನ ಕೂತಿದ್ದಾರೆ.

"ಇವತ್ತು ನಂಗೆ ಬೆಳಿಗ್ಗೆ ರಜಾ," ಅನ್ನುತ್ತಾರೆ, ಉಜ್ಜುವುದನ್ನು ಮಾತ್ರ ನಿಲ್ಲಿಸುವುದಿಲ್ಲ. "ಆದ್ರೆ ಬಾಗ್ಲನ್ನ ಈ ಅರ್ಸೇನಿಯೋ ಕೈಗೆ ಒಪ್ಪಿಸಿ ಹೋಗ್ಬೇಕಲ್ಲ, ಗಾಜಾದ್ರೂ ಕ್ಲೀನಾಗಿರ್ಲಿ. ವೈರು ನೋಡ್ಕೊಳ್ಳೋನಿಗೆ ಜನಾನ ನೋಡ್ಕೊಳ್ಳೋದು ಎಲ್ಲಿ ಬರುತ್ತೆ?"

ಚಿತ್ರಮಂದಿರದ ಎಲೆಕ್ಟ್ರಿಷಿಯನ್ ಅರ್ಸೇನಿಯೋ ಒಳಗಿನಿಂದಲೇ ಕೂಗುತ್ತಾನೆ: "ಕೇಳಿಸ್ತು ಮಿಗ್ದಾ! ನಿನ್ ಜನಕ್ಕಿಂತ ನನ್ ವೈರೇ ವಾಸಿ. ಕರೆಂಟ್ ಹೋದಾಗಾದ್ರೂ ತೆಪ್ಪಗಿರ್ತವೆ."

ಹವಾನಾದ ಡಿಸೆಂಬರ್ ಉತ್ಸವಕ್ಕೆ ಬರುವವರು ನಿರ್ದೇಶಕರ ಹೆಸರು ಹೇಳುತ್ತಾರೆ, ನಟಿಯರ ಹೆಸರು ಹೇಳುತ್ತಾರೆ. ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವ ಕೈ ಯಾರದೆಂದು ಕೇಳಿದವರಿಲ್ಲ. ಮೂವತ್ತು ವರ್ಷದ ಹತ್ತಿರ ಬಂತು, ಗೊಲೊಂದ್ರಿನಾದಲ್ಲಿ ಆ ಕೈ ಮಿಗ್ದಾಲಿಯಾ ಅವರದು. ಅವರ ಕೈ ದಾಟಿ ಒಳಗೆ ಹೋದವರು ಲೋಕದ ಚಿತ್ರಗಳನ್ನೆಲ್ಲ ನೋಡಿದ್ದಾರೆ. ಮಿಗ್ದಾಲಿಯಾ ಮಾತ್ರ ಉತ್ಸವದ ಒಂದೇ ಒಂದು ಚಿತ್ರವನ್ನೂ ಮೊದಲಿನಿಂದ ನೋಡಿಲ್ಲ. ತಡವಾಗಿ ಬರುವವರಿಗಾಗಿ ಅರ್ಧ ಚಿತ್ರ ಮುಗಿಯುವವರೆಗೂ ಬಾಗಿಲು ಕಾಯಬೇಕು.

"ಎಲ್ಲಾ ಚಿತ್ರದ ಕೊನೇನೂ ಗೊತ್ತು ನಂಗೆ," ಎಂದು ನಗುತ್ತಾರೆ. "ಯಾರು ಸತ್ರು, ಯಾರು ಯಾರನ್ನ ಮದ್ವೆ ಆದ್ರು, ಎಲ್ಲಾ ಗೊತ್ತು. ಯಾಕೆ ಅಂತ ಮಾತ್ರ ಗೊತ್ತಿಲ್ಲ."

ಆದರೆ ಇವತ್ತಿನ ಬೆಳಗಿನ ಚಿತ್ರದ ಆರಂಭವನ್ನು ಅವರು ನೋಡಲೇಬೇಕು. ಏಕೆಂದರೆ ಆ ಆರಂಭದಲ್ಲಿ ಅವರೇ ಇದ್ದಾರೆ.

ನಡೆದದ್ದು ಹೀಗೆ. ಹೋದ ವರ್ಷ ಪಕ್ಕದ ಬೀದಿಯಲ್ಲಿ, ಮುಚ್ಚಿದ ಬ್ರೆಡ್ ಅಂಗಡಿಯ ಮುಂದೆ, ಚಿತ್ರದವರು ಸಾಲಿನ ದೃಶ್ಯವೊಂದನ್ನು ತೆಗೆಯುತ್ತಿದ್ದರು. ಕ್ಯಾಮೆರಾ ಎದುರುಗಡೆ ನಿಂತ ವ್ಯಾನಿನ ಒಳಗಿತ್ತು. ಕೆಲಸ ಮುಗಿಸಿ ಕೈಚೀಲ ಹಿಡಿದು ಹೊರಟ ಮಿಗ್ದಾಲಿಯಾ ಅವರ ಕಣ್ಣಿಗೆ ಬಿದ್ದದ್ದು ಬ್ರೆಡ್ ಅಂಗಡಿ ಮತ್ತು ಜನ, ಇಷ್ಟೇ. ಅಷ್ಟು ಕಂಡರೆ ನಮ್ಮೂರಿನವರ ಕಾಲು ತಾನಾಗಿ ಅತ್ತ ತಿರುಗುತ್ತದೆ. ಮೊದಲು ಜಾಗ ಹಿಡಿಯಬೇಕು, ಏನು ಕೊಡುತ್ತಿದ್ದಾರೆ ಎಂದು ಕೇಳುವುದು ಆಮೇಲಿನ ಮಾತು. ನೇರ ಹೋದವರೇ "ಕೊನೆ ಯಾರು?" ಎಂದು ಕೂಗಿದರು. ಸಾಲಿನಲ್ಲಿ ನಟಿಸಲು ನಿಂತಿದ್ದವನೂ ಇದೇ ಊರಿನವನು. ನಟನೆ ಮರೆತು "ನಾನು" ಎಂದು ಕೈ ಎತ್ತಿದ. ಇವರು ಅವನ ಹಿಂದೆ ನಿಂತರು.

"ಸುಮಾರು ಹೊತ್ತು ನಿಂತೆ. ಸಾಲು ಮುಂದಕ್ಕೇ ಹೋಗ್ಲಿಲ್ಲ. ನಮ್ಮಲ್ಲಿ ಅದೇನೂ ಹೊಸದಲ್ವಲ್ಲ, ಅನುಮಾನಾನೇ ಬರ್ಲಿಲ್ಲ. ಆಮೇಲೆ ಒಬ್ಳು ಹುಡುಗಿ ಬಂದು, ಅಮ್ಮಾ, ಇದು ಸಿನಿಮಾ ಅಂದ್ಲು. ಸರಿ, ಬ್ರೆಡ್ ಯಾವಾಗ ಬರುತ್ತೆ ಅಂದೆ. ಬ್ರೆಡ್ ಇಲ್ಲ ಅಂದ್ಲು. ಬೇಜಾರಾಗಿ ಮನೆಗೆ ಹೋದೆ."

ನಿರ್ದೇಶಕ ಮಾತ್ರ ಬಿದ್ದು ಬಿದ್ದು ನಕ್ಕನಂತೆ. ಆ ತುಣುಕನ್ನೇ ಚಿತ್ರದ ಮೊದಲಿಗೆ ಇಟ್ಟುಕೊಳ್ಳುತ್ತೇನೆ ಎಂದು ಚಿತ್ರಮಂದಿರಕ್ಕೇ ಬಂದು ಇವರ ಒಪ್ಪಿಗೆ ಕೇಳಿದ. ಅಂದಿನಿಂದ ಮಿಗ್ದಾಲಿಯಾ ಅವರಿಗೆ ಒಂದೇ ಯೋಚನೆ. ಮುಖ ಬಂದಿದೆಯೋ, ಬರೀ ಬೆನ್ನು ಬಂದಿದೆಯೋ? ಧ್ವನಿಯನ್ನು ಉಳಿಸಿದ್ದಾರೋ, ಬೇರೆಯವರಿಂದ ಹೇಳಿಸಿದ್ದಾರೋ? ಗೊಲೊಂದ್ರಿನಾದಲ್ಲಿ ಆ ಚಿತ್ರಕ್ಕೆ ಇರುವುದು ಇದೊಂದೇ ಪ್ರದರ್ಶನ. ಬೇರೆ ಮಂದಿರಗಳಲ್ಲಿ ಹಾಕುವ ಹೊತ್ತಿಗೆಲ್ಲ ಇವರು ಇಲ್ಲಿ ಬಾಗಿಲಲ್ಲಿರುತ್ತಾರೆ.

ರಜೆ ಕೇಳಿದಾಗ ವ್ಯವಸ್ಥಾಪಕರು, ರಜೆ ಯಾಕಮ್ಮ, ಅರ್ಸೇನಿಯೋನನ್ನು ಬಾಗಿಲಲ್ಲಿ ನಿಲ್ಲಿಸಿ ನೀನು ಮೊದಲೇ ಒಳಗೆ ಹೋಗಿ ಕೂತುಕೋ ಎಂದರು. ಇವರು ಒಪ್ಪಲಿಲ್ಲ. "ನಿರ್ದೇಶಕರ ಅಳಿಯ, ನಟಿಯ ಅತ್ತಿಗೆ, ಪ್ರೊಜೆಕ್ಟರ್‌ನೋನ ಬಾಲ್ಯದ ಗೆಳೆಯ, ಇಂಥೋರ್ನೆಲ್ಲ ಈ ಮೆಟ್ಟಿಲಿಂದ ವಾಪಸ್ ಕಳಿಸಿದೀನಿ. ಈಗ ನಾನೇ ನುಗ್ಗಿದ್ರೆ ನಾಳೆ ಯಾವ ಮುಖ ಇಟ್ಕೊಂಡು ನಿಲ್ಲೋದು? ರಜಾ ಅಂದ್ಮೇಲೆ ನಾನೂ ಜನಾನೇ." ಹಾಗೆಂದವರು ಟಿಕೆಟ್ ಮಾರುವ ಗೂಡಂಗಡಿಯ ಮುಂದೆ ಸಾಲು ನಿಂತು, ಎಲ್ಲರಂತೆ ತಾವೂ ಉತ್ಸವದ ಟಿಕೆಟ್ ಪುಸ್ತಕ ಕೊಂಡು ತಂದರು. ಅದೀಗ ರವಿಕೆಯೊಳಗೆ ಭದ್ರವಾಗಿದೆ.

ಉತ್ಸವದ ದಿನಗಳಲ್ಲಿ ಅವರು ನಗರದಂಚಿನ ಮರಿಯಾನಾವೊದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಬಸ್ಸು ಬಂದರೆ ಬಸ್ಸಿಗೆ, ಬಾರದಿದ್ದರೆ ಯಾರ ಲಾರಿ ನಿಂತರೆ ಅದಕ್ಕೆ. ಕತ್ತಿಗೆ ಬ್ಯಾಡ್ಜ್ ನೇತುಹಾಕಿಕೊಂಡ ಅತಿಥಿಗಳಿಗೂ ಪತ್ರಕರ್ತರಿಗೂ ಎಡಬಾಗಿಲು. ಅವರು ಒಳಗೆ ಹೋದ ಮೇಲೆ ಟಿಕೆಟ್ ಪುಸ್ತಕದವರಿಗೆ ಬಲಬಾಗಿಲು. ಆಸನಕ್ಕೆ ಸಂಖ್ಯೆಯಿಲ್ಲ, ಪುಸ್ತಕ ಇದ್ದ ಮಾತ್ರಕ್ಕೆ ಜಾಗ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ನಮ್ಮ ದೇಶದ್ದೇ ಚಿತ್ರವಾದರಂತೂ ಊರಿಗೆ ಊರೇ ಬರುತ್ತದೆ. ಒಂದು ವರ್ಷ ನೂಕುನುಗ್ಗಲಿಗೆ ಬಾಗಿಲಿನ ಗಾಜು ಒಡೆದು ಮಿಗ್ದಾಲಿಯಾ ಅವರ ಮೊಣಕೈಗೆ ಹೊಲಿಗೆ ಬಿತ್ತು. ಮಂಡಿ ನೋವು ಬೇರೆ. ಮಧ್ಯಾಹ್ನ ಬಾಗಿಲ ಹಿಂದೆ ನಿಂತುಕೊಂಡೇ ಆಮ್ಲೆಟ್ ಇಟ್ಟ ಬ್ರೆಡ್ ತಿನ್ನುತ್ತಾರೆ. "ಕೂತ್ರೆ ಏಳೋಕಾಗಲ್ಲ. ಅದಕ್ಕೇ ಕೂರೋದೇ ಇಲ್ಲ," ಅನ್ನುತ್ತಾರೆ, ಅದೊಂದು ತಮಾಷೆಯ ಸಂಗತಿಯೇನೋ ಎಂಬಂತೆ.

ಗಾಜು ಮಿಂಚತೊಡಗಿದ ಮೇಲೆ ಪತ್ರಿಕೆ ಬಿಸಾಡಿ, ಸ್ಕರ್ಟಿಗೇ ಕೈ ಒರೆಸಿಕೊಂಡು ಬೀದಿಗೆ ಇಳಿಯುತ್ತಾರೆ. "ಕೊನೆ ಯಾರು?"

"ನಾನು," ಎಂದು ಯಮಿಲೆ ಎಂಬ ನರ್ಸ್ ಕೈ ಎತ್ತುತ್ತಾಳೆ. ಪಾಳಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದಿದ್ದಾಳೆ. "ನಾನು ಆ ಹಸಿರು ಟೋಪಿಯೋನ ಹಿಂದೆ."

"ಹಾಗಾದ್ರೆ ನಾನು ನಿನ್ ಹಿಂದೆ, ನನ್ ಜೀವ."

ಇಷ್ಟಾದರೆ ಮುಗಿಯಿತು. ನಮ್ಮ ಸಾಲಿಗೆ ಗೆರೆ ಬೇಕಿಲ್ಲ. ಯಾರ ಹಿಂದೆ ತಾನು ಎಂಬುದು ಪ್ರತಿಯೊಬ್ಬರ ತಲೆಯಲ್ಲಿದ್ದರೆ ಸಾಕು, ಮರದ ನೆರಳಿಗೆ ಹೋಗಬಹುದು, ಹಲ್ಲುಜ್ಜಿಯೂ ಬರಬಹುದು. ಕೊನೆಯವನಾದವನಿಗೆ ಮಾತ್ರ ಒಂದು ಕೆಲಸವಿದೆ. ಹೊಸಬರು ಬಂದು ಕೇಳುವವರೆಗೂ ಅಲ್ಲಾಡುವಂತಿಲ್ಲ. ಎದ್ದು ಹೋಗಲೇಬೇಕಾದವರು ಹಿಂದಿನವರಿಗೂ ಮುಂದಿನವರಿಗೂ ಹೇಳಿ ಹೋಗಬೇಕು. ಇದನ್ನು ಮರೆತವರಿಗೆ ಮಿಗ್ದಾಲಿಯಾ ಅವರಿಂದ ಬೈಗುಳ ತಪ್ಪಿದ್ದಲ್ಲ.

ಸಾಲಿನ ಮೊದಲಿಗೆ ಎಂದಿನಂತೆ ಎವೇಲಿಯೋ, ನಿವೃತ್ತ ಬಸ್ ಚಾಲಕ. ಉತ್ಸವ ಬಂತೆಂದರೆ ಈತ ಗೊಲೊಂದ್ರಿನಾ ಮೆಟ್ಟಿಲಿಗೆ ಮನೆಯಿಂದ ಕುರ್ಚಿ ತಂದು ಹಾಕಿಕೊಳ್ಳುವ ಆಸಾಮಿ. ಒಮ್ಮೆ ನಾದಿನಿಯ ಬ್ಯಾಡ್ಜ್ ಹಾಕಿಕೊಂಡು ಎಡಬಾಗಿಲಿಗೆ ಬಂದಿದ್ದ. "ಪತ್ರಕರ್ತೆ ಮೇಡಂ, ಮೀಸೆ ಬೋಳಿಸ್ಕೊಂಡು ಬರೋದಲ್ವಾ?" ಎಂದು ಮಿಗ್ದಾಲಿಯಾ ಬೀದಿಗೆಲ್ಲ ಕೇಳುವಂತೆ ಹೇಳಿ ವಾಪಸ್ ಕಳಿಸಿದ್ದರು. ಇಬ್ಬರೂ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಬಿಸಿಲೇರುತ್ತಿದ್ದಂತೆ ಎಡವಟ್ಟು ಶುರುವಾಗುತ್ತದೆ. ಆಗ ಕೊನೆಯವನಾಗಿದ್ದ ಯಾರೋ ಒಬ್ಬ ಕಾಫಿಯ ವಾಸನೆಗೆ ಸೋತು ಬೀದಿ ದಾಟಿ ಹೋಗಿದ್ದಾನೆ. ಅಲ್ಲಿ ಹೊಸಬಳೊಬ್ಬಳು ಕೇಳಿದಾಗ "ನಾನೇ ಕೊನೆ" ಎಂದು ಪ್ರಾಮಾಣಿಕವಾಗಿಯೇ ಹೇಳಿದ್ದಾನೆ. ಇತ್ತ ಮೆಟ್ಟಿಲ ಬಳಿ ಬಂದ ಇನ್ನೊಬ್ಬ ಕೇಳಿದಾಗ, ಅವನು ಹೊರಟುಹೋದನೆಂದು ತಿಳಿದ, ಅವನಿಗಿಂತ ಮುಂದಿದ್ದ ಮನುಷ್ಯ "ಹಾಗಾದ್ರೆ ನಾನೇ" ಎಂದಿದ್ದಾನೆ. ಇಬ್ಬರ ಹಿಂದೆಯೂ ಜನ ಬೆಳೆದಿದ್ದಾರೆ. ಬಲಬಾಗಿಲು ತೆರೆಯುವ ಹೊತ್ತಿಗೆ ಒಂದೇ ಸಾಲಿಗೆ ಎರಡು ಬಾಲ, ಎರಡೂ ನಿಜವಾದವೇ.

ಎರಡೂ ಕಡೆಯವರು ಒಟ್ಟಿಗೆ ಮೆಟ್ಟಿಲು ಹತ್ತುತ್ತಾರೆ. "ನಾನು ಈ ಕನ್ನಡಕದೋಳ ಹಿಂದೆ!" "ಈ ಕನ್ನಡಕದೋಳು ಯಾರ ಹಿಂದೆ ಕೇಳು ಮೊದ್ಲು!" ಅರ್ಸೇನಿಯೋ ಹೆದರಿ ಬಾಗಿಲು ಎಳೆದುಕೊಂಡು, ಗಾಜಿನ ಆಚೆಯಿಂದ ಕೈ ಜೋಡಿಸುತ್ತಾನೆ. ಯಾರದೋ ಭುಜ ಗಾಜಿಗೆ ತಾಗಿ ಬಾಗಿಲು ಗಡಗಡ ಅನ್ನುತ್ತದೆ.

ಮಿಗ್ದಾಲಿಯಾ ಅವರಿಗೆ ರಜೆ ಗಿಜೆ ಎಲ್ಲ ಮರೆತುಹೋಗುತ್ತದೆ. ಜನರನ್ನು ಸರಿಸಿಕೊಂಡು ಮೇಲಿನ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಾರೆ. "ಗಾಜು! ಈ ಗಾಜಿಗೆ ನನ್ ಮೊಣಕೈ ಕೊಟ್ಟಾಗಿದೆ, ಇನ್ನೊಂದು ಕೊಡಲ್ಲ! ಹಿಂದಕ್ಕೆ, ಬಂಗಾರಗಳಾ, ಹಿಂದಕ್ಕೆ! ಕಾಫಿ ಕುಡಿಯೋಕೆ ಹೋದ ಮಹಾನುಭಾವ ಯಾರು?" ಒಂದು ಕೈ ಅಂಜುತ್ತಾ ಮೇಲೇಳುತ್ತದೆ. "ಕಾಫಿ ಚೆನ್ನಾಗಿತ್ತಾ?" ಜನ ಗೊಳ್ಳೆನ್ನುತ್ತಾರೆ. ನಗು ಬಂದ ಮೇಲೆ ನೂಕಾಟ ನಿಲ್ಲುತ್ತದೆ. ಆ ಮನುಷ್ಯನ ಮುಂದಿನವರನ್ನು ಇದ್ದಂತೆಯೇ ಬಿಟ್ಟು, ಹಿಂದಿನವರನ್ನು ಈ ಬಾಲದಿಂದ ಒಬ್ಬರು, ಆ ಬಾಲದಿಂದ ಒಬ್ಬರಂತೆ ಕರೆದು, ಜಡೆ ಹೆಣೆದಂತೆ ಒಂದೇ ಸಾಲು ಮಾಡುತ್ತಾರೆ. ಎಲ್ಲರನ್ನೂ ಭುಜಕ್ಕೆ ಭುಜ ತಾಗುವಂತೆ ಬಿಗಿಯಾಗಿ ನಿಲ್ಲಿಸುತ್ತಾರೆ. ಬೀದಿಯ ತಿರುವಿನವರೆಗೂ ಹೋಗಿ ಬರುವಷ್ಟರಲ್ಲಿ ಹಣೆಯಿಂದ ಬೆವರು ಇಳಿಯುತ್ತಿದೆ.

ಹಿಂದಿರುಗಿ ಬಂದು ತಮ್ಮ ಜಾಗದತ್ತ ನೋಡುತ್ತಾರೆ. ಯಮಿಲೆಯ ಬೆನ್ನಿಗೆ ಬೇರೊಬ್ಬ ಹೆಂಗಸು ಅಂಟಿ ನಿಂತಿದ್ದಾಳೆ. ಪಾಪ, ಅವಳದೇನೂ ತಪ್ಪಿಲ್ಲ. ಮಿಗ್ದಾಲಿಯಾ ಬಾಗಿಲಿಗೆ ಓಡಿದ್ದನ್ನು ಕಂಡು ಕೆಲಸಕ್ಕೇ ಹೋದರೆಂದು ತಿಳಿದು ಮುಂದೆ ಬಂದಿದ್ದಾಳೆ. ಹೇಳಿ ಹೋಗಬೇಕಿತ್ತು. ಇಷ್ಟು ವರ್ಷ ಊರಿಗೆಲ್ಲ ಬೈದವರು ತಾವೇ ಮರೆತಿದ್ದಾರೆ.

ಅವರ ಮುಖ ಬಾಡುವುದನ್ನು ಅದೇ ಸಾಲಿನಲ್ಲಿ ನಿಂತ ನಾನು ನೋಡುತ್ತೇನೆ. ಈ ಬೀದಿಯಲ್ಲೇ ಹುಟ್ಟಿ ಬೆಳೆದ ನಾನು ಆ ಮುಖ ಹಾಗಾದದ್ದನ್ನು ಹಿಂದೆಂದೂ ಕಂಡಿಲ್ಲ. ಹೊರಗಿರುವಷ್ಟು ಜನಕ್ಕೆ ಒಳಗೆ ಆಸನಗಳಿಲ್ಲ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

"ಮಿಗ್ದಾ, ಬಾ, ನನ್ ಮುಂದೆ ನಿಲ್ಲು," ಎಂದು ಯಮಿಲೆ ಕರೆಯುತ್ತಾಳೆ.

"ಬೇಡ ಜೀವ. ಬಿಟ್ಟು ಹೋದ್ಮೇಲೆ ಹೋಯ್ತು." ಮತ್ತೆ ಬೀದಿಯ ತಿರುವಿಗೆ ನಡೆಯುತ್ತಾರೆ. ಅಲ್ಲಿ ತುದಿಯಲ್ಲಿರುವ ಗಿಟಾರ್ ಹೊತ್ತ ಹುಡುಗಿಯ ಎದುರು ನಿಂತು ಕೇಳುತ್ತಾರೆ: "ಕೊನೆ ಯಾರು?"

ಹುಡುಗಿ ಹಿಂದೆ ತಿರುಗಿ ನೋಡುತ್ತಾಳೆ. ಹಿಂದೆ ಯಾರೂ ಇಲ್ಲ. "ನಾನಲ್ಲಪ್ಪ," ಅನ್ನುತ್ತಾಳೆ. "ಇವ್ರನ್ನ ಕೇಳಿ."

ಅವಳ ಮುಂದಿನವನು ಆಕಾಶ ನೋಡುತ್ತಾ "ನಾನೂ ಅಲ್ಲ," ಅನ್ನುತ್ತಾನೆ. ಅವನ ಮುಂದಿನವಳೂ ಅಲ್ಲ. ಕಾಫಿಗೆ ಹೋಗಿದ್ದ ಮನುಷ್ಯನಂತೂ ಎರಡೂ ಕೈ ಅಲ್ಲಾಡಿಸುತ್ತಾನೆ. ಕೊನೆಯವರೆಂದು ಒಬ್ಬರು ಒಪ್ಪಿಕೊಳ್ಳದ ಹೊರತು ನಮ್ಮೂರಿನಲ್ಲಿ ಸಾಲಿಗೆ ಸೇರುವ ಬೇರೆ ದಾರಿಯಿಲ್ಲ. ಮಿಗ್ದಾಲಿಯಾ ಕೇಳುತ್ತಾ ಕೇಳುತ್ತಾ, ಬೈಯುತ್ತಾ ಬೈಯುತ್ತಾ, ಇಡೀ ಸಾಲಿನ ಉದ್ದಕ್ಕೂ ಮುಂದೆ ಬರುತ್ತಾರೆ. "ನಾಚ್ಕೆ ಆಗಲ್ವಾ ನಿಮ್ಗೆ? ಸಾಲು ಅಂದ್ಮೇಲೆ ಕೊನೆ ಅಂತ ಒಬ್ರು ಇರ್ಲೇಬೇಕು!" ಎಲ್ಲರೂ ಮುಂದಕ್ಕೆ ಬೆರಳು ತೋರಿಸುತ್ತಾರೆ.

ಮೆಟ್ಟಿಲ ಮೇಲೆ ಎವೇಲಿಯೋ ಕುರ್ಚಿ ಮಡಿಚಿ ಬಗಲಿಗೆ ಸಿಕ್ಕಿಸಿಕೊಂಡು ಕೈ ಎತ್ತುತ್ತಾನೆ. "ನಾನು ಕಣೇ ಕೊನೆ."

"ನೀನು ಮೊದ್ಲು, ಮುದಿಯಾ! ಕತ್ತಲಲ್ಲೇ ಬಂದು ಕೂತೋನು!"

"ಯಾರಂದಿದ್ದು? ಕೊನೆ ಯಾರು ಅಂತ ಕೇಳ್ದೆ, ನಾನು ಅಂದೆ. ಇನ್ನು ನನ್ ಹಿಂದೆ ನಿಂತ್ಕೊ. ರೂಲ್ಸ್ ನಂದಲ್ಲ, ನಿಂದೇ."

ಅರ್ಸೇನಿಯೋ ಬಾಗಿಲು ತೆರೆಯುತ್ತಾನೆ. ಮಿಗ್ದಾಲಿಯಾ ರವಿಕೆಯಿಂದ ಪುಸ್ತಕ ತೆಗೆದು ಕೊಡುತ್ತಾರೆ. ಅವನು ಚೀಟಿಯನ್ನು ಅಡ್ಡಾದಿಡ್ಡಿ ಹರಿದಾಗ ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಒಳಗೆ ನಡೆಯುತ್ತಾರೆ.

ದೀಪ ಆರುತ್ತದೆ. ಪರದೆಯ ಮೇಲೆ ಪಕ್ಕದ ಬೀದಿ, ಬ್ರೆಡ್ ಅಂಗಡಿ, ಜನ. ಬಲಗಡೆಯಿಂದ ಕೈಚೀಲ ಹಿಡಿದ ಹೆಂಗಸೊಬ್ಬಳು ಬರುತ್ತಾಳೆ. ಮುಖ ಬಂದಿದೆ, ಪೂರ್ತಿ ಬಂದಿದೆ. ಧ್ವನಿಯೂ ಅವರದೇ, ಬಾಗಿಲಲ್ಲಿ ನಾವು ದಿನವೂ ಕೇಳುವ ಅದೇ ಧ್ವನಿ: "ಕೊನೆ ಯಾರು?"

ಪರದೆಯ ಮೇಲಿನವನು ಕೈ ಎತ್ತುವ ಮೊದಲೇ ಗೊಲೊಂದ್ರಿನಾದ ಕತ್ತಲಿನ ಮೂಲೆ ಮೂಲೆಯಿಂದ, ಬಾಲ್ಕನಿಯಿಂದ, ನಡುವಿನ ದಾರಿಯಲ್ಲಿ ನೆಲದ ಮೇಲೆ ಕೂತವರಿಂದ ಒಂದೇ ಕೂಗು ಏಳುತ್ತದೆ: "ನಾನು!" ನಾನೂ ಕೂಗುತ್ತೇನೆ. ಮುಂದಿನ ಸಾಲಿನಲ್ಲಿ ಮಿಗ್ದಾಲಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಭುಜ ಕುಲುಕುತ್ತಿದೆ. ನಗುತ್ತಿದ್ದಾರೋ ಅಳುತ್ತಿದ್ದಾರೋ ಹಿಂದಿನಿಂದ ತಿಳಿಯುವುದಿಲ್ಲ.

ಮಧ್ಯಾಹ್ನದ ಪ್ರದರ್ಶನಕ್ಕೆ ಅವರು ಮತ್ತೆ ಬಲಬಾಗಿಲಲ್ಲಿದ್ದಾರೆ. ಒಂದು ಕೈಯಲ್ಲಿ ಆಮ್ಲೆಟ್ ಬ್ರೆಡ್, ಇನ್ನೊಂದು ಕೈಯಲ್ಲಿ ಹರಿದ ಚೀಟಿಗಳು. ಹೇಗಿತ್ತು ಎಂದು ಕೇಳುತ್ತೇನೆ.

"ಚಿತ್ರ ಚೆನ್ನಾಗಿದೆ. ಜನ ಮಾತ್ರ ಸರಿಯಿಲ್ಲ," ಅನ್ನುತ್ತಾರೆ. ಕಣ್ಣು ಇನ್ನೂ ಕೆಂಪಗಿದೆ. "ಹೊರಗೆ ಕೇಳ್ದಾಗ ಒಬ್ರೂ ಬಾಯಿ ಬಿಡ್ಲಿಲ್ಲ. ಒಳಗೆ ಎಲ್ರೂ ಒಟ್ಟಿಗೆ ಕೂಗಿದ್ರು. ಒಬ್ರೇ ಹೇಳ್ಬೇಕು ಅಂತ ಇನ್ನೂ ಎಷ್ಟು ವರ್ಷ ಕಲಿಸ್ಲಪ್ಪ ನಾನು?"